ಗಾಂಧಿ ಗಂಜಿನ ಕಿರಾಯಿ ಕೋಣೆಗಳಲ್ಲಿ ಸಹವಾಸ-ವಿದ್ಯಾಭ್ಯಾಸ: ಒಂದು ತಾತ್ವಿಕ ಅಧ್ಯಯನ

ಬೀದರ ನಗರದ ಗಾಂಧಿ ಗಂಜಿನ ಅಡತಿ ಅಂಗಡಿಗಳ ಮೇಲ್ಮಹಡಿಯಲ್ಲೂ ಹಿಂದಿನ ಗಲ್ಲಿಗಳಲ್ಲೂ ಕೋಣೆ ಹಿಡಿದು ಓದುವ ಹುಡುಗರ ಬಾಳುವೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶ. ಅಮೆರಿಕದ ವಿಶ್ವವಿದ್ಯಾಲಯಗಳು ಒಂದೇ ಆಸಕ್ತಿಯ ವಿದ್ಯಾರ್ಥಿಗಳನ್ನು ಹಾಸ್ಟೆಲಿನ ಒಂದೇ ಮಹಡಿಯಲ್ಲಿಟ್ಟು, ಅದಕ್ಕೊಂದು ಥೀಮ್ ಕೊಟ್ಟು, ಉಂಡಲ್ಲೇ ಕಲಿಯಲಿ ಎನ್ನುತ್ತವೆ. ಪರಿಸರದವರಿಗೊಂದು ಮಹಡಿ, ಸಂಗೀತದವರಿಗೊಂದು. ಈ ಪದ್ಧತಿಯ ಮೂಲಪುರುಷರಲ್ಲಿ ಅಲೆಕ್ಸಾಂಡರ್ ಮೈಕೆಲ್‌ಜಾನ್ ಹೆಸರು ಮೊದಲು ಬರುತ್ತದೆ. ಅವರು 1927ರಲ್ಲಿ ವಿಸ್ಕಾನ್ಸಿನ್‌ನಲ್ಲಿ ತೆರೆದ ಪ್ರಾಯೋಗಿಕ ಕಾಲೇಜು 1932ಕ್ಕೆ ಬಾಗಿಲು ಹಾಕಿತು. ಬೀದರದಲ್ಲಿ ಇದೆಲ್ಲ 1472ರಲ್ಲೇ ಆಗಿಹೋಗಿತ್ತು.

ಬಹಮನಿ ವಜೀರ ಮಹಮೂದ್ ಗವಾನ್ ಆಗ ಕಟ್ಟಿಸಿದ ಮದರಸಾ ಮೂರಂತಸ್ತಿನದು. ಗುರುಗಳಿಗೂ ಶಿಷ್ಯರಿಗೂ ಅದೇ ಸೂರು. ಗ್ರಂಥಾಲಯ, ಮಸೀದಿ, ಪಾಠದ ಹಜಾರ ಎಲ್ಲ ಅಲ್ಲೇ. ಗವಾನ್ ಇರಾನಿನ ಗೀಲಾನದಿಂದ ವ್ಯಾಪಾರಕ್ಕೆ ಬಂದವನು, ಮಲಿಕ್-ಉತ್-ತುಜ್ಜಾರ್ ಅರ್ಥಾತ್ ವರ್ತಕರ ದೊರೆ ಎಂಬ ಬಿರುದಾಂಕಿತನು. ಆದುದರಿಂದ ವಿದ್ಯೆ ಮಂಡಿಯ ಮಗ್ಗುಲಲ್ಲೇ ಇರತಕ್ಕದ್ದು ಎಂಬ ಗಂಜಿನ ಸಿದ್ಧಾಂತಕ್ಕೆ ಐದು ಶತಮಾನಗಳ ಆಧಾರ ಸಿಕ್ಕಂತಾಯಿತು. ಅವನ ಅಂತ್ಯವೂ ಹಾಸ್ಟೆಲ್ ಆಡಳಿತಕ್ಕೆ ಪಾಠವೇ: ವೈರಿಗಳು ಮೊಹರು ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದಕ್ಕೆ ಗವಾನನ ಮುದ್ರೆ ಒತ್ತಿಸಿ, ಮೇಲೆ ರಾಜದ್ರೋಹದ ಒಕ್ಕಣೆ ಬರೆದರು. 1481ರಲ್ಲಿ ತಲೆ ಹೋಯಿತು. ಖಾಲಿ ಮೆಸ್ ಬಿಲ್ಲಿಗೆ ಸಹಿ ಹಾಕುವ ವಾರ್ಡನ್ನರು ಗಮನಿಸಬೇಕು. ಔರಂಗಜೇಬನ ಕಾಲಕ್ಕೆ ಅದೇ ಕಟ್ಟಡದಲ್ಲಿ ತೋಪಿನ ಮದ್ದು ತುಂಬಿದರು. 1696ರಲ್ಲಿ ಅದು ಸಿಡಿದು ಒಂದು ಮಿನಾರೂ ಮುಂಭಾಗದ ಗೋಡೆಯೂ ಉರುಳಿದವು. ಥೀಮಿಗೆ ಹೊಂದದ ಸಾಮಾನು ಕೋಣೆಯಲ್ಲಿಡಬಾರದೆಂದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಕ್ಷೇತ್ರಕಾರ್ಯ. ಕೆಳಗೆ ತೊಗರಿ, ಉದ್ದು, ಸೋಯಾ, ಮೇಲೆ ಜೀವಶಾಸ್ತ್ರ. ಇದು ನೀಟ್ ಸಮುದಾಯ. ಸುಗ್ಗಿಯಲ್ಲಿ ಹಮಾಲರು ಚೀಲ ಇಳಿಸತೊಡಗಿದರೆ ಧೂಳೆದ್ದು, ಶ್ವಾಸಾಂಗವ್ಯೂಹದ ಅಧ್ಯಾಯ ಪ್ರಾತ್ಯಕ್ಷಿಕೆ ಸಮೇತ ಮುಗಿಯುತ್ತದೆ. ಪಕ್ಕದ್ದು ಪಿಎಸ್‌ಐ ಸಮುದಾಯ. ಗೋಡೆಗೆ ಕರ್ನಾಟಕದ ನಕಾಶೆ, ಅದರ ಮೊಳೆಗೇ ಒಣಹಾಕಿದ ಬನಿಯನ್ನು. ಬನಿಯನ್ನಿನಡಿ ಬೀದರ ಕಾಣುವುದಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಮು ನಿದ್ದೆಗಣ್ಣಲ್ಲೂ ಬಾಯಿಗೆ ಬರುತ್ತದೆ. 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಹಗರಣದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ಕಾಲ ಥೀಮ್ ಅಳಿಯದಂತೆ ಕಾದ ಕೀರ್ತಿ ನೇಮಕಾತಿ ವ್ಯವಸ್ಥೆಗೇ ಸಲ್ಲಬೇಕು. ಮೈಕೆಲ್‌ಜಾನರಿಗೆ ಈ ಭಾಗ್ಯವಿರಲಿಲ್ಲ.

ಎರಡೂ ಸಮುದಾಯಗಳ ಸೆಮಿನಾರು ಬುತ್ತಿ ಬಿಚ್ಚಿದಾಗ ಜರುಗುತ್ತದೆ. ಔರಾದ ಕಡೆಯ ಬಸ್ಸಿಗೆ ಅವ್ವ ಕೊಟ್ಟು ಕಳಿಸಿದ ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. "ಲೇ, ಹಿಂಡಿ ಖಾರ ಆಗ್ಯಾದ, ಮೊಸರು ಯಾರ ಪಾಳಿ?" ಎಂಬ ಪ್ರಶ್ನೆಯ ಮೇಲೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಚರ್ಚೆಯಾಗಿ, ನಿರ್ಣಯವಿಲ್ಲದೆ ಸಭೆ ಮುಗಿಯುತ್ತದೆ.

ಪೂರ್ವಪಕ್ಷದವರು ಕೇಳಬಹುದು: ಥೀಮನ್ನು ಗೊತ್ತು ಮಾಡುವವರು ಯಾರು? ಮನೆ ಮಾಲೀಕರು. "ಯಾವೂರು ತಮ್ಮಾ? ಯಾರ ಪೈಕಿ?" ಎರಡನೆಯ ಪ್ರಶ್ನೆಯೇ ಪ್ರವೇಶ ಪರೀಕ್ಷೆ, ಅದಕ್ಕೆ ಮರುಪರೀಕ್ಷೆ ಇಲ್ಲ. ಇದು ಗಂಜಿನದಷ್ಟೇ ಅಲ್ಲ. ಧಾರವಾಡ, ಮೈಸೂರು, ಬೆಂಗಳೂರುಗಳಲ್ಲೂ ಇದೇ ಪಠ್ಯಕ್ರಮ. ಜಾತಿಗೊಂದು ಹಾಸ್ಟೆಲ್ ಕಟ್ಟಿದವರನ್ನು ಹೀಗಳೆಯುವುದು ಸುಲಭ. ಆ ಸೂರು ಇಲ್ಲದಿದ್ದರೆ ಎಷ್ಟೋ ರೈತರ ಮಕ್ಕಳು ಪೇಟೆಯ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಮಂತ್ರಿಯೂ ಸಮಗಾರನೂ ಜೊತೆಗೆ ಕೂತ ಹನ್ನೆರಡನೆಯ ಶತಮಾನದ ಅನುಭವ ಮಂಟಪದ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಆ ಥೀಮಿನ ಕೋಣೆ ಸದ್ಯ ಖಾಲಿ ಇಲ್ಲವೆಂದು ತಿಳಿದುಬಂದಿದೆ.

ಬೋರ್ಡಿನಲ್ಲೊಂದು, ಒಳಗೊಂದು ಥೀಮ್ ಇರಬಹುದೆಂಬುದಕ್ಕೆ ಭಾಲ್ಕಿಯೇ ಪ್ರಮಾಣ. ನಿಜಾಮರ ಆಳ್ವಿಕೆಯಲ್ಲಿ ಅಲ್ಲಿನ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ, ಒಳಗೆ ಕನ್ನಡ ಕಲಿಸಿದರು. ಈಗಿನ ಕೋಣೆಗಳಲ್ಲೂ ಹೊರಗೆ ಸ್ಪರ್ಧಾತ್ಮಕ ಪರೀಕ್ಷೆ, ಒಳಗೆ ಕ್ರಿಕೆಟ್. ಉದ್ದೇಶದಲ್ಲಿ ತುಸು ವ್ಯತ್ಯಾಸವಿದೆ.

2023ರಲ್ಲಿ ಬೀದರಕ್ಕೆ ಸ್ವಂತ ವಿಶ್ವವಿದ್ಯಾಲಯವೂ ಬಂತು, ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ. ಅದು ಥೀಮುಗಳ ಸುತ್ತೋಲೆ ಹೊರಡಿಸುವವರೆಗೆ ಗಂಜಿನ ಮಾಲೀಕರಲ್ಲಿ ಸಂಶೋಧಕನ ಸವಿನಯ ಮನವಿ: ಕೋಣೆ ಕೇಳಿ ಬಂದ ಹುಡುಗನ ಊರು ಕೇಳಿ, ಕೋರ್ಸು ಕೇಳಿ, ಅಡ್ವಾನ್ಸನ್ನೂ ಕೇಳಿ, ಪೈಕಿ ಕೇಳಬೇಡಿ. ನಳಕ್ಕೆ ನೀರು ಯಾವ ದಿನ ಬರುತ್ತದೆಂಬುದನ್ನು ಮಾತ್ರ ಅವನು ಕೇಳುವ ಮೊದಲೇ ಹೇಳಿಬಿಡಿ.