ಬ್ರಾಕೆಟ್ ಬ್ರಹ್ಮ

ಇಂಗ್ಲೆಂಡಿನಲ್ಲಿ ಕೆಲಕಾಲ ಮನೆ ಮಾಡಿದ್ದವರಿಗೆ ಈ ಗೃಹಸ್ಥರ ಪರಿಚಯ ಇದ್ದೇ ಇರುತ್ತದೆ. ವಯಸ್ಸು ಐವತ್ತರ ಆಚೆ. ಶನಿವಾರ ತಿಂಡಿ ಮುಗಿಸಿ ಗ್ಯಾರೇಜು ಹೊಕ್ಕರೆಂದರೆ ಊಟಕ್ಕೆ ಮೂರು ಸಲ ಕೂಗಿಸಿಕೊಳ್ಳದೆ ಹೊರಗೆ ಬರುವವರಲ್ಲ. ಕೈಯೇನೋ ತೊಳೆದಿರುತ್ತಾರೆ, ಉಗುರ ಸಂದಿಯ ಗ್ರೀಸು ಮಾತ್ರ ಸೋಮವಾರದ ಮೀಟಿಂಗಿಗೂ ಅವರ ಜೊತೆ ಹಾಜರಾಗುತ್ತದೆ. ಇವರು ಕಿಟ್ ಕಾರಿನವರು. ಚಾಸಿ ಒಂದು ಕಡೆಯಿಂದ, ಎಂಜಿನ್ನು ಗುಜರಿಗೆ ಹೊರಟಿದ್ದ ಹಳೇ ಫೋರ್ಡ್ ಸಿಯೆರಾದಿಂದ, ಸೀಟು ಇನ್ನೆಲ್ಲಿಂದಲೋ ತಂದು, ಮನೆಯಲ್ಲೇ ಕಾರು ಕಟ್ಟುತ್ತಾರೆ.

ನಮ್ಮ ಪಕ್ಕದ ಮನೆಯಲ್ಲೂ ಒಬ್ಬರಿದ್ದರು. ವೃತ್ತಿಯಲ್ಲಿ ಆಡಿಟರ್. ಊರ ಅಂಗಡಿಗಳ ಲೆಕ್ಕದಲ್ಲಿ ಒಂದು ಪೆನ್ನಿ ಹೆಚ್ಚುಕಮ್ಮಿಯಾದರೂ ಅವರಿಗೆ ನಿದ್ದೆ ಹತ್ತದು. ಕಾರು ಕಟ್ಟಲು ಇಳಿದದ್ದೂ ಉಳಿತಾಯಕ್ಕೆಂದೇ.

ಹಾಗೆ ನೋಡಿದರೆ ಈ ಚಟ ಹುಟ್ಟಿ ಬೆಳೆದದ್ದೇ ಉಳಿತಾಯದ ಮನೆಯಲ್ಲಿ. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಇಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಹೀಗೆಯೇ ಪೆಟ್ಟಿಗೆಗಳಲ್ಲಿ ಮನೆಮನೆಗೆ ಹೋಯಿತು. ಜೋಡಿಸುವ ವಿಧಾನ ಬರೆದುಕೊಟ್ಟರೆ ತೆರಿಗೆಯವರು ಬಿಡರೆಂದು ಲೋಟಸ್‌ನ ಕಾಲಿನ್ ಚಾಪ್‌ಮನ್ ಕಾರು ಬಿಚ್ಚುವ ವಿಧಾನವನ್ನು ಅಚ್ಚು ಹಾಕಿಸಿ ಕೊಟ್ಟರಂತೆ. ಗಿರಾಕಿ ಅದನ್ನು ಕೊನೆಯ ಪುಟದಿಂದ ಓದಿಕೊಳ್ಳಬೇಕು! ನಿಜವೋ ಕಟ್ಟುಕತೆಯೋ, ಕಿಟ್ ಕಾರಿನವರು ಸೇರಿದಲ್ಲೆಲ್ಲ ಇದನ್ನು ಭಕ್ತಿಯಿಂದ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಮೇಷ್ಟರು ಇನ್ನೂರೈವತ್ತು ಪೌಂಡಿನಷ್ಟು ಕಡಿಮೆ ಖರ್ಚಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಪುಸ್ತಕವನ್ನೇ ಬರೆದರು. ನಮ್ಮ ಆಡಿಟರ್ ಆ ಮೊತ್ತಕ್ಕೆ ಮರುಳಾದವರು.

ಎಂಜಿನ್ನು ಕೂರಿಸುವವರೆಗೆ ಎಲ್ಲ ಸರಾಗ. ಗ್ರಹಚಾರ ಶುರುವಾದದ್ದು ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರಿನಿಂದ. ಸಿಯೆರಾದ ಬಾನೆಟ್ಟಿನ ಕೆಳಗೆ ಅದಕ್ಕೆ ಕಾಲು ಚಾಚಿ ಮಲಗುವಷ್ಟು ಜಾಗವಿತ್ತು. ಈ ಕಾರಿನ ಮೂತಿ ಸಪೂರ. ಇದ್ದಲ್ಲೇ ಬಿಟ್ಟರೆ ಚಾಸಿಯ ಕೊಳವೆಗೆ ತಾಗುತ್ತದೆ, ಮೇಲೆತ್ತಿದರೆ ಬಾನೆಟ್ ಮುಚ್ಚುವುದಿಲ್ಲ, ಇನ್ನೊಂದು ಪಕ್ಕಕ್ಕೆ ಒಯ್ದರೆ ಸ್ಟೀರಿಂಗ್ ಕಂಬಿ ಅಡ್ಡ. ನಾಲ್ಕೈದು ಕಿಲೋ ತೂಗುವ ವಸ್ತು, ತಂತಿ ಕಟ್ಟಿ ನೇತುಹಾಕುವಂತೆಯೂ ಇಲ್ಲ. ಹೊಸ ಬ್ರಾಕೆಟ್ ಬೇಕು.

ನಲವತ್ತೋ ಐವತ್ತೋ ಪೌಂಡಿಗೆ ಸಿದ್ಧ ಬ್ರಾಕೆಟ್ ಸಿಗುತ್ತದೆ. ಆದರೆ ಅದನ್ನು ಕೊಳ್ಳುವುದು ಈ ಕುಲದವರಿಗೆ ಶ್ರಾದ್ಧದ ಅಡುಗೆಯನ್ನು ಹೋಟೆಲಿನಿಂದ ತರಿಸಿದಷ್ಟು ಅನಾಚಾರ. ಮೊದಲು ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟಿನಲ್ಲಿ ಮಾದರಿ ಕತ್ತರಿಸಿದರು. ಕಾರ್ನ್‌ಫ್ಲೇಕ್ಸ್ ಖಾಲಿಯಾಗಿರಲಿಲ್ಲ ಎಂಬುದು ಅವರ ಹೆಂಡತಿಯ ದೂರು. ರಟ್ಟು ಸೊಗಸಾಗಿ ಕೂತಿತು. ರಟ್ಟು ಎಲ್ಲಿ ಬೇಕಾದರೂ ಕೂರುತ್ತದೆ. ಅದನ್ನೇ ಆರು ಮಿಲಿಮೀಟರ್ ಉಕ್ಕಿನಲ್ಲಿ ಕೊಯ್ದು ಬಿಗಿದಾಗ ಬೆಲ್ಟು ಎಳೆದು ಹೊಂದಿಸಲು ಬಿಟ್ಟ ಸೀಳಿನಲ್ಲಿ ಬೋಲ್ಟು ಜರುಗಲೇ ಇಲ್ಲ. ಆಲ್ಟರ್ನೇಟರ್ ಒಂದು ಬೋಲ್ಟಿನ ಸುತ್ತ ತಿರುಗುವುದರಿಂದ ಸೀಳು ಬಿಲ್ಲಿನಂತೆ ಬಾಗಿರಬೇಕು. ಇವರದು ಇವರ ವ್ಯವಹಾರದಷ್ಟೇ ನೇರವಾಗಿತ್ತು. ವಾರವಿಡೀ ಸಂಜೆ ಗೋಡೆಯಾಚೆಯಿಂದ ಅರ ಉಜ್ಜುವ ಸದ್ದು ಕೇಳಿ ನಮ್ಮ ಹಲ್ಲೆಲ್ಲ ಜುಮ್ಮೆಂದಿತು.

ಸೀಳು ಬಾಗಿತು, ಪುಲ್ಲಿ ಬಾಗಲಿಲ್ಲ. ಎಂಜಿನ್ನಿನ ಪುಲ್ಲಿ, ನೀರಿನ ಪಂಪಿನ ಪುಲ್ಲಿ, ಆಲ್ಟರ್ನೇಟರಿನ ಪುಲ್ಲಿ ಮೂರೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ತಪ್ಪಿದರೆ ಬೆಲ್ಟು ಕಿರುಚುತ್ತದೆ, ಅಂಚು ಸವೆದು ಒಂದು ದಿನ ಹಾರಿಯೂ ಹೋಗುತ್ತದೆ. ಸ್ಕೇಲು ಇಟ್ಟು ನೋಡಿದರೆ ನಾಲ್ಕು ಮಿಲಿಮೀಟರ್ ಹಿಂದೆ.

ದಾವಣಗೆರೆಯಿಂದ ಬಂದಿದ್ದ ನಮ್ಮ ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿ ನಿವೃತ್ತರಾದವರು. ಬೇಲಿಯಾಚೆ ಬಗ್ಗಿ ನೋಡಿ, “ಅಲ್ರೀ, ಎರಡು ವಾಷರ್ ಕೊಟ್ಟು ಬಿಗಿದ್ರೆ ಮುಗೀತಲ್ಲ! ಹೇಳ್ರಿ ಅವರಿಗೆ” ಅಂದರು. ಹೇಳಿದೆ. ಆಡಿಟರ್ ವಿನಯದಿಂದಲೇ, ವಾಷರ್ ತಾತ್ಕಾಲಿಕ ವ್ಯವಸ್ಥೆ ಅಂದರು. “ತಾತ್ಕಾಲಿಕಾನಾ? ನಮ್ಮ ಡಿಪೋದ ಅರ್ಧ ಬಸ್ಸು ಅದರ ಮೇಲೇ ಓಡ್ತಿದ್ವು!” ಇದನ್ನು ನಾನು ಇಂಗ್ಲಿಷಿಗೆ ಇಳಿಸಲು ಹೋಗಲಿಲ್ಲ. ಪರವೂರಿನಲ್ಲಿ ನಮ್ಮ ಬಸ್ಸುಗಳ ಮಾನವನ್ನೂ ಕಾಯಬೇಕಲ್ಲ.

ಆ ನಾಲ್ಕು ಮಿಲಿಮೀಟರಿನ ಬಿಲ್ಲೆ ಕಡೆಯಲು ಒಂದು ಲೇಥ್ ಬಂತು. ಹಳೆಯದು, ಸೋವಿಯಂತೆ. ಎಷ್ಟಕ್ಕೆಂದು ಹೆಂಡತಿ ಕೇಳಿದರೆ, ಅದು ಕಾರಿನ ಲೆಕ್ಕಕ್ಕೆ ಸೇರುವುದಿಲ್ಲ, ಬಂಡವಾಳ ವೆಚ್ಚ ಅಂದರು. ಆಡಿಟರುಗಳನ್ನು ಕಟ್ಟಿಕೊಂಡವರ ಕಷ್ಟ ಯಾರಿಗೆ ಬೇಕು! ಬಿಲ್ಲೆಯೇನೋ ಕನ್ನಡಿಯಂತೆ ಹೊಳೆಯಿತು, ಪುಲ್ಲಿಗಳು ಸಾಲುಗೂಡಿದವು, ಹೆಬ್ಬೆರಳಿನಿಂದ ಅದುಮಿದರೆ ಬೆಲ್ಟು ಬೇಕಾದ ಅರ್ಧ ಇಂಚಷ್ಟೇ ತಗ್ಗಿತು. ಆಮೇಲೆ ಬಾನೆಟ್ ಹಾಕಿದರು. ಮುಚ್ಚಲಿಲ್ಲ. ಕೊನೆಗೆ ಬಾನೆಟ್ಟನ್ನೇ ಕೊಯ್ದು ಅಲ್ಲೊಂದು ಗುಬ್ಬಟೆ ಕೂರಿಸಿದರು. ನೋಡಿದವರಿಗೆಲ್ಲ ಅದು ಎಂಜಿನ್ನಿಗೆ ಗಾಳಿಯಾಡಲು ಎನ್ನುತ್ತಾರೆ.

ಕಾರು ರಸ್ತೆಗಿಳಿಯುವ ಮುಂಚಿನ ಸರ್ಕಾರಿ ತಪಾಸಣೆಯ ಕತೆ ಚಿಕ್ಕದು. ಹೊರಮೈಯಲ್ಲಿ ಕೈಗೆ ಸಿಗುವ ಯಾವ ಅಂಚೂ ಚೂಪಾಗಿರಬಾರದೆಂದು ನಿಯಮ, ಅದಕ್ಕೆ ನಟ್ಟುಬೋಲ್ಟುಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ ತೊಡಿಸಿದರು. ಪಾಸಾಗಿ ಮನೆಗೆ ಬಂದದ್ದೇ ತಡ, ಟೋಪಿಗಳೆಲ್ಲ ಡಬ್ಬಕ್ಕೆ. ವಯಸ್ಸು ಗೊತ್ತಿಲ್ಲದ ಗಾಡಿಗೆ ಕೊಡುವ ‘ಕ್ಯೂ’ ನಂಬರು ಇವರ ಕಾರಿಗೂ ಬಂತು. ಮನೆಯವರ ನೆನಪಿನಲ್ಲೂ ಅದು ಯಾವ ಕಾಲದ್ದೆಂದು ಉಳಿದಿರಲಿಲ್ಲ ಬಿಡಿ.

ಈಗ ಗ್ಯಾರೇಜಿಗೆ ಇನ್ನೊಂದು ಚಾಸಿ ಬಂದಿದೆ. ಲೇಥಿಗೆ ಹಾಕಿದ ದುಡ್ಡು ಹುಟ್ಟಬೇಕಾದರೆ ಎರಡನೆಯ ಕಾರು ಕಟ್ಟಲೇಬೇಕೆಂದು ಆಡಿಟರ್ ಲೆಕ್ಕ ಹಾಕಿ ತೋರಿಸುತ್ತಾರೆ.

ನಿಮಗೂ ಇಂಥ ನೆರೆಯವರು ಸಿಕ್ಕರೆ ಧಾರಾಳವಾಗಿ ಮಾತಾಡಿಸಿ, ಬ್ರಾಕೆಟ್ಟಿನ ಬಗ್ಗೆ ಎಷ್ಟು ಬೇಕಾದರೂ ಕೇಳಿ, ಚಹಾ ಕೊಡುತ್ತಾರೆ. ಒಟ್ಟು ಎಷ್ಟಾಯಿತು ಎಂದು ಮಾತ್ರ ಕೇಳಬೇಡಿ. ಕೇಳಲೇಬೇಕೆನಿಸಿದರೆ, ದಯವಿಟ್ಟು ಅವರ ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ಕೇಳಿ.