ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮುಂಬಯಿಯಲ್ಲಿ ಯಾವ ಕಟ್ಟಡ ಎಷ್ಟು ಎತ್ತರಕ್ಕೆ ಏಳಬೇಕು, ಯಾರ ಕಿಟಕಿಯ ಬೆಳಕಿಗೆ ಅಡ್ಡ ನಿಲ್ಲಬೇಕು ಎಂದು ತೀರ್ಮಾನಿಸುವವರು ಯಾರು? ಕೇಳಲು ಹೊರಟರೆ ಪಾಲಿಕೆಯ ಆಯುಕ್ತರಿಗೆ ಪುರುಸೊತ್ತಿಲ್ಲ. ಬಿಲ್ಡರ್ ಪಾಲಿಕೆಗೆ ಹೋಗಿದ್ದಾರೆ ಎನ್ನುತ್ತಾರೆ ಸೈಟಿನವರು, ಸೈಟಿಗೆ ಹೋಗಿದ್ದಾರೆ ಎನ್ನುತ್ತಾರೆ ಪಾಲಿಕೆಯವರು. ಕೊನೆಗೆ ಮಾತಿಗೆ ಸಿಕ್ಕಿದ್ದು ಕಾಂದಿವಲಿ ಪೂರ್ವದ ಒಂದು ಸೊಸೈಟಿಯ ಒಂಬತ್ತನೇ ಮಹಡಿಯಲ್ಲಿರುವ ಫ್ಲವರ್ ಬೆಡ್. ಕಟ್ಟಡದ ಪ್ಲಾನ್ ಪಾಸಾದದ್ದು 2006ರಲ್ಲಿ. ನಕ್ಷೆಯ ಪ್ರಕಾರ ಅದು ಬೆಡ್‌ರೂಮಿನ ಕಿಟಕಿಯಾಚೆ ಹೂಗಿಡಕ್ಕೆಂದು ಹೊರಚಾಚಿದ ಜಾಗ. ನೋಡಿದರೆ ಅದರ ಮೇಲೊಂದು ಓದುವ ಮೇಜು, ಮೇಜಿನಡಿ ಊರಿಂದ ಬಂದ ಕುಚ್ಚಲಕ್ಕಿಯ ಚೀಲ. ಉಡುಪಿ ಕಡೆಯ ಸಂಸಾರದೊಂದಿಗೆ ಬಾಳಿದ್ದರಿಂದ ಅದರ ಮಾತೂ ಅಲ್ಲಿಯದೇ.

ಪ್ರ: ನಮಸ್ಕಾರ. ನಿಮ್ಮಲ್ಲಿ ಒಂದು ಹೂವೂ ಕಾಣುತ್ತಿಲ್ಲವಲ್ಲ?

ಉ: ನಕ್ಷೆಯಲ್ಲಿ ಉಂಟು ಮಾರಾಯ್ರೆ, ಬೇಕಾದಷ್ಟು ಉಂಟು. ಇಲ್ಲಿ ಕೀ ಕೈಗೆ ಬಂದ ವಾರದಲ್ಲೇ ಕಿಟಕಿಯ ಕೆಳಗಿನ ಗೋಡೆ ಒಡೆದು, ನನ್ನನ್ನು ನೆಲದ ಮಟ್ಟಕ್ಕೆ ತಂದು, ಟೈಲ್ಸ್ ಹಾಕಿ ಒಳಗೆ ಸೇರಿಸಿಕೊಂಡರು. ಆಮೇಲೆ ಅಮ್ಮನಿಗೆ ತುಳಸಿ ನೆನಪಾಯಿತು. ಅದಕ್ಕೆ ಜಾಗ ಇಲ್ಲ. ಹಾಗಾಗಿ ನನ್ನಿಂದ ಇನ್ನೂ ಎರಡಡಿ ಹೊರಗೆ ಬಾಕ್ಸ್ ಗ್ರಿಲ್ ಕೂರಿಸಿ ಅದರಲ್ಲಿ ತುಳಸಿ ಇಟ್ಟರು. ಗಿಡಕ್ಕಾಗಿ ಹುಟ್ಟಿದವ ನಾನು ಒಳಗೆ, ಗಿಡ ಹೊರಗೆ. ಆ ಗ್ರಿಲ್ಲಿಗೂ ಪರ್ಮಿಶನ್ ಇಲ್ಲ, ಇದನ್ನು ಬರಕೊಳ್ಳಬೇಡಿ.

ಪ್ರ: ಗಿಡ ನೆಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದರೆ ನಿಮ್ಮನ್ನು ಹುಟ್ಟಿಸಿದ್ದೇಕೆ?

ಉ: ಎಫ್‌ಎಸ್‌ಐ ಎಂಬ ದೇವರ ಕೃಪೆಯಿಂದ. 1991ರ ಅಭಿವೃದ್ಧಿ ನಿಯಂತ್ರಣ ನಿಯಮದಲ್ಲಿ ದಕ್ಷಿಣದ ದ್ವೀಪನಗರಕ್ಕೆ 1.33, ನಮ್ಮ ಉಪನಗರಕ್ಕೆ 1 ಅಂತ ಇತ್ತು. ಅಂದರೆ ಇಲ್ಲಿ ಸಾವಿರ ಚದರ ಮೀಟರ್ ಜಾಗ ಇದ್ದರೆ ಎಲ್ಲ ಮಹಡಿ ಸೇರಿ ಸಾವಿರ ಚದರ ಮೀಟರ್ ಕಟ್ಟಬಹುದು. ಆದರೆ ಫ್ಲವರ್ ಬೆಡ್, ಡಕ್ಟ್, ಗೋಡೆಯ ಗೂಡು, ಇಂಥವು ಆಯುಕ್ತರು ಮನಸ್ಸು ಮಾಡಿದರೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹಾಗಂತ ಎಲ್ಲರ ಲೆಕ್ಕಕ್ಕೂ ಇಲ್ಲ ಅಂತ ತಿಳಿಯಬೇಡಿ. ಫ್ಲಾಟ್ ಮಾರುವಾಗ ಬಿಲ್ಡರು ನನ್ನನ್ನು ಚದರಡಿಗೆ ಇಷ್ಟು ಅಂತ ಎಣಿಸಿಯೇ ಮಾರಿದ್ದು. ನಮ್ಮ ಯಜಮಾನರು ನನಗಾಗಿ ಇಂದಿಗೂ ಬ್ಯಾಂಕಿಗೆ ಕಂತು ಕಟ್ಟುತ್ತಿದ್ದಾರೆ.

ಪ್ರ: ಎಫ್‌ಎಸ್‌ಐ ಬರೀ 1 ಎಂದಿರಿ. ನಿಮ್ಮದು ಹದಿನಾಲ್ಕು ಮಹಡಿಯ ಕಟ್ಟಡ!

ಉ: ಉಳಿದದ್ದು ಟಿಡಿಆರ್. ಯಾರದ್ದೋ ಜಾಗ ರಸ್ತೆಗೋ ಮೈದಾನಕ್ಕೋ ಮೀಸಲಾಗಿರುತ್ತದೆ. ಅದನ್ನು ಪಾಲಿಕೆಗೆ ಬಿಟ್ಟುಕೊಟ್ಟರೆ ದುಡ್ಡಿನ ಬದಲು ಕಟ್ಟುವ ಹಕ್ಕಿನ ಸರ್ಟಿಫಿಕೇಟು ಸಿಗುತ್ತದೆ. ಅದನ್ನು ಶೇರಿನ ಹಾಗೆ ಪೇಟೆಯಲ್ಲಿ ಮಾರಬಹುದು. 1991ರ ನಿಯಮ ಆ ಹಕ್ಕನ್ನು ದ್ವೀಪನಗರದಲ್ಲಿ ಖರ್ಚು ಮಾಡಲು ಬಿಡಲಿಲ್ಲ, ಉತ್ತರಕ್ಕೆ ಅಟ್ಟಿತು. ಹಾಗಾಗಿ ದಕ್ಷಿಣದಲ್ಲಿ ಯಾರೋ ಬಿಟ್ಟುಕೊಟ್ಟ ಜಾಗ ಕಾಂದಿವಲಿಯಲ್ಲಿ ಏಳು ಮಹಡಿಯಾಗಿ ಎದ್ದು ನಿಂತಿತು. ಮೈದಾನ ಅವರಿಗೆ, ಲಿಫ್ಟಿನ ಕ್ಯೂ ನಮಗೆ.

ಪ್ರ: ಫ್ಲವರ್ ಬೆಡ್‌ಗಳು ರೂಮಾಗುತ್ತಿರುವುದು ಪಾಲಿಕೆಗೆ ಗೊತ್ತಾಗಲಿಲ್ಲವೇ?

ಉ: ಗೊತ್ತಾಗದೆ ಎಂತ! ರಸ್ತೆಯಲ್ಲಿ ನಿಂತು ತಲೆ ಎತ್ತಿದರೆ ಸಾಕು. ಗೊತ್ತಾದ ಮೇಲೆ ಎರಡು ದಾರಿ ಇದ್ದವು. ಒಂದು, ಗೋಡೆ ಮತ್ತೆ ಕಟ್ಟಿಸಿ ಸೇವಂತಿಗೆ ನೆಡಿಸುವುದು. ಇನ್ನೊಂದು, ನನಗೊಂದು ರೇಟು ಕಟ್ಟುವುದು. 2012ರ ಜನವರಿಯಲ್ಲಿ ನಿಯಮ ತಿದ್ದಿದರು. ಇನ್ನು ಮೇಲೆ ಫ್ಲವರ್ ಬೆಡ್, ಬಾಲ್ಕನಿ ಎಲ್ಲ ಲೆಕ್ಕಕ್ಕೆ ಬರುತ್ತವೆ, ಅದಕ್ಕೆ ಬದಲಾಗಿ ವಸತಿ ಕಟ್ಟಡಕ್ಕೆ ಶೇಕಡಾ 35 ಹೆಚ್ಚುವರಿ ‘ಫಂಜಿಬಲ್’ ಎಫ್‌ಎಸ್‌ಐ, ರೆಡಿ ರೆಕನರ್ ಎಂಬ ಸರಕಾರಿ ಜಮೀನು ದರದ ಶೇಕಡಾ 60 ಪ್ರೀಮಿಯಂ ಕಟ್ಟಿದರೆ. ಹಳೇ ಸೊಸೈಟಿ ಕೆಡವಿ ಕಟ್ಟುವಾಗ ಹಳೇ ಸದಸ್ಯರ ಪಾಲಿಗೆ ಅದೂ ಮಾಫಿ. ಆಯುಕ್ತರ ಮರ್ಜಿ ಹೋಗಿ ದರಪಟ್ಟಿ ಬಂತು. ಅದು ಸುಧಾರಣೆಯೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ನಗರಕ್ಕೆ ಈ ಮೂವತ್ತೈದು ತಾಳುತ್ತದಾ, ನೀರು ಎಲ್ಲಿಂದ, ರೈಲಿನಲ್ಲಿ ಕಾಲಿಡಲು ಜಾಗ ಎಲ್ಲಿ ಅಂತ ಕೇಳುವ ಕಾಲಂ ಆ ದರಪಟ್ಟಿಯಲ್ಲಿ ಇರಲಿಲ್ಲ.

ಪ್ರ: ಒಂದು ಕಟ್ಟಡದ ಅರ್ಜಿ ಹೇಗೆ ಪಾಸಾಗುತ್ತದೆ? ನೀವು ಕಣ್ಣಾರೆ ಕಂಡದ್ದು ಹೇಳಿ.

ಉ: ನಾನಾಗ ಬರೀ ಗೆರೆ. ಆರ್ಕಿಟೆಕ್ಟರ ಬಗಲಿನಲ್ಲಿ ಸುರುಳಿ ಸುತ್ತಿಕೊಂಡು ಬಿಲ್ಡಿಂಗ್ ಪ್ರಪೋಸಲ್ ಇಲಾಖೆಗೆ ಹೋದೆ. ಸಬ್ ಇಂಜಿನಿಯರ್, ಅಸಿಸ್ಟೆಂಟ್ ಇಂಜಿನಿಯರ್, ಎಕ್ಸಿಕ್ಯುಟಿವ್ ಇಂಜಿನಿಯರ್, ಹೀಗೆ ಮೇಜಿನಿಂದ ಮೇಜಿಗೆ ಏರಿದೆ. ರಿಯಾಯಿತಿ ಬೇಕಾದಲ್ಲಿ ಆಯುಕ್ತರವರೆಗೂ ಹೋದೆ. ಮೊದಲು ಕೈಗೆ ಬಂದದ್ದು 1888ರ ಪಾಲಿಕೆ ಕಾಯ್ದೆಯ 346ನೇ ಕಲಮಿನ ಐಓಡಿ, ಅಂದರೆ ಅಸಮ್ಮತಿಯ ನೋಟಿಸು. ಆ ಅಸಮ್ಮತಿ ಸಿಕ್ಕಿತು ಅಂತ ಬಿಲ್ಡರು ಪೇಡೆ ಹಂಚಿದರು! ಅದರ ಬೆನ್ನಿಗೆ ಉದ್ದದ ಷರತ್ತಿನ ಪಟ್ಟಿ: ಅಗ್ನಿಶಾಮಕದವರ ಎನ್‌ಓಸಿ, ಮರಗಳ ಪ್ರಾಧಿಕಾರ, ವಿಮಾನದವರ ಎತ್ತರ, ಚರಂಡಿ. ಅವು ಮುಗಿದರೆ ಸಿಸಿ, ಅಂದರೆ ಕೆಲಸ ಶುರುಮಾಡುವ ಪರವಾನಗಿ, ಮೊದಲು ಪ್ಲಿಂತ್‌ವರೆಗೆ, ಆಮೇಲೆ ಮೇಲಕ್ಕೆ. ಕಟ್ಟಿ ಮುಗಿದರೆ ಓಸಿ, ಅಂದರೆ ವಾಸದ ಪರವಾನಗಿ. 1966ರ ಎಂಆರ್‌ಟಿಪಿ ಎಂಬ ರಾಜ್ಯದ ನಗರ ಯೋಜನಾ ಕಾಯ್ದೆಯಲ್ಲಿ ಇನ್ನೊಂದು ಚಂದದ ಮಾತುಂಟು, ಅರವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದಂತೆಯೇ ಅಂತ. ಆದರೆ ನಡುವೆ ಒಂದು ಪ್ರಶ್ನೆ ಕೇಳಿದರೆ, ಉತ್ತರ ಕೊಟ್ಟ ದಿನದಿಂದ ಮತ್ತೆ ಅರವತ್ತು. ಹಾಗಾಗಿ ಪಾಲಿಕೆಯಲ್ಲಿ ಪ್ರಶ್ನೆಗಳಿಗೆ ಯಾವತ್ತೂ ಬರ ಇಲ್ಲ.

ಪ್ರ: ಇದರಲ್ಲಿ ನಾವು ವೋಟು ಹಾಕಿ ಆರಿಸಿದ ನಗರಸೇವಕರ ಪಾತ್ರವೇನು?

ಉ: ಭೂಮಿಪೂಜೆಯ ಬ್ಯಾನರಿನಲ್ಲಿ ಫೋಟೋ. ತಮಾಷೆಯಲ್ಲ. 227 ಮಂದಿ ನಗರಸೇವಕರಿಗೆ ಅಭಿವೃದ್ಧಿ ಯೋಜನೆ ಬಂದಾಗ ಸಭೆಯಲ್ಲಿ ಮಾತುಂಟು, ಸುಧಾರ ಸಮಿತಿಯಲ್ಲಿ ಮೀಸಲು ಜಾಗ ಕೊಳ್ಳುವ ಪ್ರಸ್ತಾವಕ್ಕೆ ಕೈ ಎತ್ತುವುದೋ ಇಳಿಸುವುದೋ ಉಂಟು. ಆದರೆ ಒಂದೊಂದು ಕಟ್ಟಡದ ಅರ್ಜಿ ಅವರ ಮುಂದೆ ಬರುವುದೇ ಇಲ್ಲ, ಅದು ಆಯುಕ್ತರು ಮತ್ತು ಇಂಜಿನಿಯರುಗಳ ಮನೆವಾರ್ತೆ. ಪರೀಕ್ಷೆಯೂ ಆಗಿಹೋಯಿತಲ್ಲ. 2022ರ ಮಾರ್ಚ್ 7ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಮುಂದಿನ ಚುನಾವಣೆ ಆದದ್ದು 2026ರ ಜನವರಿಯಲ್ಲಿ. ನಡುವೆ ಸುಮಾರು ನಾಲ್ಕು ವರ್ಷ ಆಯುಕ್ತರೇ ಆಡಳಿತಾಧಿಕಾರಿ, ನಗರಸೇವಕ ಒಬ್ಬನೂ ಇಲ್ಲ. ಅಷ್ಟು ದಿನ ನಾನು ಕಿಟಕಿಯಿಂದ ನೋಡಿದ್ದೇನೆ. ಒಂದು ಕ್ರೇನೂ ನಿಲ್ಲಲಿಲ್ಲ.

ಪ್ರ: ರಾಜ್ಯ ಸರಕಾರ?

ಉ: ಯೋಜನೆಗೆ ಕೊನೆಯ ಸಹಿ ಅದರದ್ದು, ನಿಯಮ ತಿದ್ದುವುದೂ ಅದೇ. ಕೊಳೆಗೇರಿ ಪುನರ್ವಸತಿಯ ಅರ್ಜಿ ಎಸ್‌ಆರ್‌ಎಗೆ, ಬಾಂದ್ರಾ ಕುರ್ಲಾ ಸಂಕೀರ್ಣದ್ದು ಎಂಎಂಆರ್‌ಡಿಎಗೆ, ಸರಕಾರಿ ವಸತಿ ಸಂಸ್ಥೆ ಮ್ಹಾಡಾದ ಕಾಲನಿಯದ್ದು ಮ್ಹಾಡಾಗೆ. ಒಂದೇ ರಸ್ತೆಯ ಈಚೆಗೊಬ್ಬ ಯಜಮಾನ, ಆಚೆಗೊಬ್ಬ. ಚರಂಡಿ ಮಾತ್ರ ಒಂದೇ.

ಪ್ರ: ಅಕ್ಕಪಕ್ಕದವರನ್ನು ಯಾರೂ ಕೇಳುವುದಿಲ್ಲವೇ?

ಉ: ನಮ್ಮ ಯಜಮಾನರ ಭಾವ ಲಂಡನ್ನಿನಲ್ಲಿದ್ದಾರೆ. ಅಲ್ಲಿ ಪಕ್ಕದವ ಕಟ್ಟಲು ಅರ್ಜಿ ಹಾಕಿದರೆ ಕೌನ್ಸಿಲಿನಿಂದ ನೆರೆಯವರಿಗೆ ಕಾಗದ ಬರುತ್ತದೆ, ಇಲ್ಲವೇ ದೀಪದ ಕಂಬಕ್ಕೆ ನೋಟಿಸು ಕಟ್ಟುತ್ತಾರೆ. ಆಕ್ಷೇಪಕ್ಕೆ 21 ದಿನ. ದೊಡ್ಡ ಗಲಾಟೆಯ ಅರ್ಜಿಯಾದರೆ ಕೌನ್ಸಿಲರುಗಳ ಸಮಿತಿ ಎಲ್ಲರೆದುರು ಕೂತು ವೋಟು ಹಾಕುತ್ತದೆ. ಅಲ್ಲಿಯೂ ಹೆಚ್ಚಿನ ಅರ್ಜಿ ಅಧಿಕಾರಿಗಳೇ ಮುಗಿಸುವುದಂತೆ, ಸ್ವರ್ಗ ಎಂದೇನಲ್ಲ. ಇಲ್ಲಿ ಸೈಟಿನ ಬೇಲಿಗೆ ಬೋರ್ಡು ಹಾಕುವ ನಿಯಮ ಉಂಟು, ಪರವಾನಗಿ ನಂಬರು ಸಹಿತ. ನೀವು ಅದನ್ನು ಓದುವಾಗ ಪರವಾನಗಿ ಆಗಿಹೋಗಿರುತ್ತದೆ.

ಪ್ರ: ಅಂದರೆ ಜನರಿಗೆ ಮಾತೇ ಇಲ್ಲ?

ಉ: ಉಂಟು, ಇಪ್ಪತ್ತು ವರ್ಷಕ್ಕೊಮ್ಮೆ. ಅಭಿವೃದ್ಧಿ ಯೋಜನೆಯ ಕರಡು ಬಂದಾಗ. 2015ರ ಫೆಬ್ರವರಿಯಲ್ಲಿ ಬಂತಲ್ಲ, 2034ರವರೆಗಿನದ್ದು. ಕೆಲವು ಕಡೆ ಎಫ್‌ಎಸ್‌ಐ 8ರವರೆಗೆ ಏರಿಸಿದ್ದರು. ಇದ್ದ ಕಟ್ಟಡದ ಮೇಲೆ ರಸ್ತೆ ಎಳೆದಿದ್ದರು. ಆಗ ನೋಡಬೇಕಿತ್ತು, ಪಾದ್ರಿಗಳು, ಪಾರಂಪರಿಕ ಕಟ್ಟಡದ ಅಭಿಮಾನಿಗಳು, ಮೀನುಗಾರರು, ಸೊಸೈಟಿಯ ಅಜ್ಜಂದಿರು, ಎಲ್ಲರೂ ಸಾವಿರಗಟ್ಟಲೆ ಆಕ್ಷೇಪ ಬರೆದರು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಫಡಣವೀಸರು ಕರಡನ್ನೇ ರದ್ದು ಮಾಡಿದರು. 2016ರಲ್ಲಿ ತಿದ್ದಿದ ಕರಡು ಬಂತು, 2018ರಲ್ಲಿ ಮಂಜೂರಾಯಿತು. ಜನ ಓದಿ ಬರೆದರೆ ಪಾಲಿಕೆ ಹೆದರುತ್ತದೆ ಅಂತ ಗೊತ್ತಾಯಿತು. ಆಮೇಲೆ ಜನ ಮನೆಗೆ ಹೋದರು, ತಿದ್ದುಪಡಿಗಳು ಮಾತ್ರ ಒಂದೊಂದಾಗಿ ಬರುತ್ತಲೇ ಇವೆ.

ಪ್ರ: ನಿಮ್ಮ ಕಿಟಕಿಯೆದುರು ಖಾಲಿ ಜಾಗವೊಂದು ಕಾಣುತ್ತಿದೆ. ಮೈದಾನವೇ?

ಉ: ನಕ್ಷೆಯಲ್ಲಿ ಉದ್ಯಾನ. ಮೀಸಲಿಟ್ಟ ಜಾಗವನ್ನು ಯೋಜನೆ ಜಾರಿಯಾಗಿ ಹತ್ತು ವರ್ಷದೊಳಗೆ ಪಾಲಿಕೆ ಕೊಳ್ಳದಿದ್ದರೆ ಮಾಲೀಕ ಎಂಆರ್‌ಟಿಪಿ ಕಾಯ್ದೆಯ 127ನೇ ಕಲಮಿನಲ್ಲಿ ನೋಟಿಸು ಕೊಡಬಹುದು. ಅದಕ್ಕೂ ಹೇಳಿದ ಅವಧಿಯಲ್ಲಿ ಪಾಲಿಕೆ ಅಲುಗಾಡದಿದ್ದರೆ ಮೀಸಲು ತಾನಾಗಿ ಬಿದ್ದುಹೋಗುತ್ತದೆ. ಉದ್ಯಾನ ಬೇಡ ಅಂತ ಒಬ್ಬನೂ ಹೇಳಬೇಕಾಗಿಲ್ಲ, ಫೈಲು ಒಂದು ಮೇಜಿನಲ್ಲಿ ನಿದ್ದೆ ಮಾಡಿದರೆ ಸಾಕು. ತೀರ್ಮಾನ ಅಂದರೆ ಸಹಿ ಹಾಕುವುದು ಅಂತ ನೀವು ತಿಳಿದಿದ್ದೀರಿ. ಸಹಿ ಹಾಕದೆಯೂ ನಗರ ಕಟ್ಟಬಹುದು.

ಪ್ರ: ಎಲ್ಲವೂ ಲೆಕ್ಕದ ಆಟವೆನ್ನುತ್ತೀರಾ?

ಉ: ಮತ್ತೆಂತ? ಪರೇಲಿನ ಮಿಲ್ಲುಗಳನ್ನೇ ನೋಡಿ. ಅಲ್ಲಿ ನಮ್ಮ ಊರಿನವರೂ ದುಡಿದಿದ್ದಾರೆ. 1982ರ ಮುಷ್ಕರದ ನಂತರ ಒಂದೊಂದೇ ಬಾಗಿಲು ಹಾಕಿದವು. 1991ರ ನಿಯಮದ 58ನೇ ಕಲಮು ಸ್ಥೂಲವಾಗಿ ಹೇಳಿದ್ದು ಇಷ್ಟು: ಮಿಲ್ಲಿನ ಜಾಗ ಅಭಿವೃದ್ಧಿ ಮಾಡುವುದಾದರೆ ಮೂರರಲ್ಲೊಂದು ಪಾಲು ಬಯಲಿಗೆ, ಒಂದು ಪಾಲು ಮ್ಹಾಡಾ ವಸತಿಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ತಿದ್ದಿದರು. ಪಾಲು ಅದೇ, ಆದರೆ ಎಣಿಸಬೇಕಾದ್ದು ಇಡೀ ಜಾಗವನ್ನಲ್ಲ, ಖಾಲಿ ಬಿದ್ದ ಜಾಗವನ್ನು ಮಾತ್ರ. ಮಿಲ್ಲೆಂದರೆ ತುಂಬ ಶೆಡ್ಡೇ, ಖಾಲಿ ಜಾಗ ಎಷ್ಟಿದ್ದೀತು? 2005ರಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ನನ್ನನ್ನು ಲೆಕ್ಕದಿಂದ ಬಿಟ್ಟದ್ದರಿಂದ ಒಂದು ಮೇಜು ಹಿಡಿಯಿತು. ಅಲ್ಲಿ ಶೆಡ್ಡು ಬಿಟ್ಟದ್ದರಿಂದ ಮಾಲ್‌ಗಳೇ ಹಿಡಿದವು.

ಪ್ರ: ಪಾಲಿಕೆ ಕಠಿಣವಾಗಿ ಕೆಡವಿದ ಉದಾಹರಣೆಯೂ ಇದೆಯಲ್ಲ?

ಉ: ಇದೆ, ನಮ್ಮ ಕುಲದಲ್ಲಿ ಅದನ್ನು ಹೇಳಿ ಹೆದರಿಸುತ್ತಾರೆ. ಬ್ರೀಚ್ ಕ್ಯಾಂಡಿಯ ಪ್ರತಿಭಾ ಕಟ್ಟಡ. ಎಫ್‌ಎಸ್‌ಐ ಮೀರಿದ್ದಕ್ಕೆ ಮೇಲಿನ ಎಂಟು ಮಹಡಿ ಉರುಳಿದವು. 1991ರಲ್ಲಿ ಸುಪ್ರೀಂ ಕೋರ್ಟೂ ಪಾಲಿಕೆಯ ಪರ ನಿಂತಿತು. ಉಳಿದ ಮಹಡಿಗಳು ದಶಕಗಟ್ಟಲೆ ಖಾಲಿ ನಿಂತವು. ಇನ್ನು ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡು. 1980ರ ದಶಕದಲ್ಲಿ ಐದಾರು ಮಹಡಿಗೆ ಅನುಮತಿ ತೆಗೆದುಕೊಂಡು ಒಂದನ್ನು ಇಪ್ಪತ್ತರವರೆಗೆ ಏರಿಸಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುವರಿ ಮಹಡಿ ಕೆಡವಿ ಎಂದಿತು. ಗೇಟಿನಲ್ಲಿ ನಿವಾಸಿಗಳು ಅಡ್ಡ ನಿಂತರು, ಗಡುವು ಮುಂದೆ ಹೋಯಿತು, 2014ರ ಜೂನಿನಲ್ಲಿ ನೀರು, ಗ್ಯಾಸು, ಕರೆಂಟು ಕಡಿದರು. ಕಟ್ಟುವಾಗ ಕಣ್ಣು ಮುಚ್ಚಿದವರು ಮೂವತ್ತು ವರ್ಷ ಕಳೆದು ಕಣ್ಣು ಬಿಟ್ಟರೆ ಎದುರಿಗೆ ಕಾಣುವುದು ಬಿಲ್ಡರಲ್ಲ, ಮೊಮ್ಮಕ್ಕಳನ್ನು ಎತ್ತಿಕೊಂಡ ಅಜ್ಜಿ.

ಪ್ರ: ಆ ಉದ್ಯಾನದ ಜಾಗಕ್ಕಾಗಿ ನಿಮ್ಮ ಸೊಸೈಟಿಯವರು ದೂರು ಕೊಟ್ಟಿಲ್ಲವೇ?

ಉ: ಎರಡು ಸಲ ಪತ್ರ ಬರೆದು ಎರಡು ಸಲವೂ ಹರಿದರು. ಕಾರಣ ನಾನೇ. ದೂರು ಕೊಟ್ಟರೆ ವಾರ್ಡ್ ಆಫೀಸಿನಿಂದ ಇಂಜಿನಿಯರ್ ಬರುತ್ತಾರೆ. ಬಂದವರು ತಲೆ ಎತ್ತಿದರೆ ಹದಿನಾಲ್ಕು ಮಹಡಿಯಲ್ಲೂ ನನ್ನಂಥವರೇ. ಅನಧಿಕೃತ ಕಟ್ಟಡಕ್ಕೆ ಕೊಡುವ 351ರ ನೋಟಿಸು ಮೊದಲು ಯಾರಿಗೆ ಬಂದೀತು? ನಗರವನ್ನು ನುಂಗುವವರು ಸಾವಿರ ಚದರ ಮೀಟರ್ ನುಂಗಬೇಕಾದರೆ ನೋಡುವವರಿಗೆಲ್ಲ ಇಪ್ಪತ್ತಿಪ್ಪತ್ತು ಚದರಡಿ ಕೊಟ್ಟಿರಬೇಕು ಮಾರಾಯ್ರೆ. ಪಾಲು ತಿಂದ ಬಾಯಿ ದೂರು ಹೇಳುವುದಿಲ್ಲ.

ಪ್ರ: ರೀಡೆವಲಪ್‌ಮೆಂಟ್ ಬಂದರೆ ನಿಮ್ಮ ಗತಿ?

ಉ: ಈಗಲೇ ಬಿಲ್ಡರುಗಳು ಮಿಠಾಯಿ ಡಬ್ಬಿ ಹಿಡಿದು ಬರುತ್ತಿದ್ದಾರೆ. ಶೇಕಡಾ 51 ಸದಸ್ಯರು ಹೂಂ ಅಂದರೆ ಸಾಕಲ್ಲ. ಮೊನ್ನೆ ಸೊಸೈಟಿ ಮೀಟಿಂಗಿನಲ್ಲಿ ಎಲ್ಲರೂ ಒಂದೇ ಸ್ವರ: ಹೊಸ ಫ್ಲಾಟಿನ ಅಳತೆಗೆ ಫ್ಲವರ್ ಬೆಡ್ ಎಣಿಸಲೇಬೇಕು. ಪಾಲಿಕೆಯವರು ಬಂದಾಗ ನಾನು ಇಲ್ಲ, ಬಿಲ್ಡರು ಬಂದಾಗ ನಾನು ಉಂಟು.

ಪ್ರ: ಓದುಗರಿಗೆ ಕೊನೆಯ ಮಾತು?

ಉ: 2034 ದೂರವಿಲ್ಲ. ಮುಂದಿನ ಯೋಜನೆಯ ಕರಡು ಬಂದಾಗ ನಿಮ್ಮ ವಾರ್ಡಿನ ಹಾಳೆ ತೆಗೆದು ಮೈದಾನ ಎಲ್ಲಿ, ಶಾಲೆ ಎಲ್ಲಿ ಅಂತ ಬೆರಳಿಟ್ಟು ನೋಡಿ, ಆಕ್ಷೇಪ ಬರೆಯಿರಿ. 2015ರಲ್ಲಿ ಬರೆದದ್ದಕ್ಕೆ ಬೆಲೆ ಸಿಕ್ಕಿದೆ. ಈಗ ಸ್ವಲ್ಪ ಏಳಿ, ಯಜಮಾನರು ಬಂದರು. ಈ ವರ್ಷ ಅವರೇ ಸೊಸೈಟಿಯ ಸೆಕ್ರೆಟರಿ. ಕಟ್ಟಡದಲ್ಲಿ ಅನಧಿಕೃತ ಬದಲಾವಣೆ ಮಾಡಿದವರ ಮೇಲೆ ಕಟ್ಟುನಿಟ್ಟಿನ ಕ್ರಮ ಎಂಬ ಸರ್ಕ್ಯುಲರ್ ಇವತ್ತೇ ಟೈಪ್ ಆಗಬೇಕಂತೆ. ಲ್ಯಾಪ್‌ಟಾಪ್ ಇಡಲು ನನ್ನನ್ನು ಬಿಟ್ಟರೆ ಅವರಿಗೆ ಬೇರೆ ಜಾಗ ಇಲ್ಲ.