17 ಇಂಚು ಬೇಡ ಕಣಪ್ಪ

ಬಾ ಇಲ್ಲಿ, ಕಾಂಪೌಂಡ್ ಹತ್ರ ಬಾ. ಬೆಳಗ್ಗೆ ನಿಮ್ಮಮ್ಮ ದಾಸವಾಳ ಕೊಯ್ಯೋಕೆ ಬಂದಾಗ ಹೇಳಿದ್ರು, ಜೆ.ಸಿ. ರೋಡಿಗೆ ಹೋಗಿ ನಿನ್ನ ಸ್ವಿಫ್ಟಿಗೆ 17 ಇಂಚಿನ ಅಲಾಯ್ ನೋಡ್ಕೊಂಡು ಬಂದಿದೀಯ ಅಂತ. ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಸದ್ಯ. ಹಾಗಾದ್ರೆ ಎರಡು ಮಾತು ಕೇಳ್ಕೊಂಡು ಹೋಗು.

ಗಾಡಿ ಚೆಂದ ಕಾಣಬೇಕು ಅನ್ನೋ ಆಸೆ ತಪ್ಪು ಅಂತ ನಾನು ಹೇಳಲ್ಲ. ನಿನ್ನದು ವಿಎಕ್ಸ್‌ಐ. ಕಂಪನಿಯೋರು 14 ಇಂಚಿನ ಕಬ್ಬಿಣದ ಡಿಸ್ಕ್ ಕೊಟ್ಟು ಮೇಲೊಂದು ಪ್ಲಾಸ್ಟಿಕ್ ವೀಲ್ ಕ್ಯಾಪ್ ಮುಚ್ಚಿದಾರೆ. ಅಷ್ಟು ದೊಡ್ಡ ಮಡ್‌ಗಾರ್ಡ್ ಒಳಗೆ ಆ ಚಕ್ರ ಬಡಕಲಾಗಿ ಕಾಣೋದು ನಿಜ. ಬದಲಾಯಿಸು, ಬೇಡ ಅನ್ನಲ್ಲ. ಎಷ್ಟು ಇಂಚಿಗೆ ಅನ್ನೋದೇ ನನ್ನ ತಕರಾರು.

ಒಂದ್ಸಲ ಬಗ್ಗಿ ಟೈರ್ ಮೇಲೆ ಬರೆದಿರೋದನ್ನ ಓದು. 165/80 ಆರ್ 14. 165 ಅನ್ನೋದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದ್ರೆ ಆ ಅಗಲದ ನೂರಕ್ಕೆ 80ರಷ್ಟು ಸೈಡ್‌ವಾಲ್ ಎತ್ತರ. ಲೆಕ್ಕ ಹಾಕು, 132 ಮಿ.ಮೀ. ಬರುತ್ತೆ. 14 ಅನ್ನೋದು ರಿಮ್ಮು. ರಿಮ್ಮಿಗೆ ಮೇಲೂ ಕೆಳಗೂ ಆ ಸೈಡ್‌ವಾಲ್ ಸೇರಿಸಿದ್ರೆ ಇಡೀ ಚಕ್ರದ ಎತ್ತರ 620 ಮಿ.ಮೀ. ಇದೇ ಸ್ವಿಫ್ಟಿನ ಜೆಡ್‌ಎಕ್ಸ್‌ಐಗೆ ಕಂಪನಿಯೋರೇ 185/65 ಆರ್ 15 ಹಾಕ್ತಾರೆ. ಅದರ ಎತ್ತರ ಎಷ್ಟು ಗೊತ್ತಾ? 621 ಚಿಲ್ಲರೆ. ರಿಮ್ಮು ಒಂದಿಂಚು ದೊಡ್ಡದಾಯ್ತು, ಟೈರು ಅಗಲ ಆಯ್ತು, ಆದ್ರೆ ಹೊರಗಿನ ಅಳತೆ ಅಲ್ಲಾಡಲಿಲ್ಲ. ರಿಮ್ಮು ಬೆಳೆದಷ್ಟೂ ರಬ್ಬರು ಕಮ್ಮಿಯಾಗುತ್ತೆ, ಅಷ್ಟೇ.

ಹೌದು, ಗಾಡಿ ಎತ್ತರ ಆಗಲ್ಲ. ದೊಡ್ಡ ಅಲಾಯ್ ಹಾಕಿಸಿದ್ರೆ ಹಂಪಿಗೆ ತಳ ತಾಗಲ್ಲ ಅಂತ ಯಾರೋ ನಿನ್ನ ತಲೆಗೆ ತುಂಬಿದಾರೆ. ಎತ್ತರ ಆಗಬೇಕಾದ್ರೆ ಹೊರಗಿನ ಅಳತೆಯೇ ಹೆಚ್ಚಬೇಕು. 205/60 ಆರ್ 16 ಹಾಕಿದೆ ಅಂತಿಟ್ಕೋ, ಚಕ್ರ 652 ಮಿ.ಮೀ. ಆಗಿ ಗಾಡಿ ಒಂದೂವರೆ ಸೆಂಟಿಮೀಟರ್ ಏಳುತ್ತೆ. ಅದಕ್ಕೆ ಬದಲಾಗಿ ಏನೇನು ಕಳ್ಕೋತೀಯ ನೋಡು. ಸ್ಪೀಡೋಮೀಟರು 100 ತೋರಿಸುವಾಗ ಗಾಡಿ ಮೊದಲು ಓಡ್ತಿದ್ದದ್ದಕ್ಕಿಂತ ನೂರಕ್ಕೆ ಐದರಷ್ಟು ಜೋರಾಗಿ ಓಡ್ತಿರುತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಟೈರು ಒಳಗಿನ ಲೈನರಿಗೆ ಉಜ್ಜುತ್ತೆ. ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಳೀತಿದ್ದ ಗಾಡಿ ಒಂದನೇ ಗೇರ್ ಕೇಳುತ್ತೆ. ಇದಂತೂ ಬೇಡವೇ ಬೇಡ.

ಈಗ ನಿನ್ನ 17ಕ್ಕೆ ಬರೋಣ. ಅಂಗಡಿಯವನು 205/45 ಆರ್ 17 ಹೇಳಿರ್ತಾನೆ, ಹೌದಾ? ಹೊರಗಿನ ಅಳತೆ 616, ಅದರಲ್ಲಿ ಅವನದೇನೂ ಮೋಸ ಇಲ್ಲ. ಸೈಡ್‌ವಾಲ್ ನೋಡು: 92 ಮಿ.ಮೀ. ಇವತ್ತು ನಿನ್ನ ರಿಮ್ಮನ್ನ ಕಾಯ್ತಿರೋ ರಬ್ಬರಿನಲ್ಲಿ 4 ಸೆಂಟಿಮೀಟರ್ ಹೊರಟೇಹೋಯ್ತು. ಹೊಸ ಡಾಂಬರಿನ ಹೈವೇಲಿ ಇದು ಗೊತ್ತೇ ಆಗಲ್ಲ. ನಮ್ಮ ಕ್ರಾಸಿನ ತುದಿಯಲ್ಲಿ ಬಣ್ಣ ಇಲ್ಲದ ಹಂಪಿದೆಯಲ್ಲ, ಅಲ್ಲಿ ಗೊತ್ತಾಗುತ್ತೆ. ರಾತ್ರಿ ಮಳೇಲಿ ನೀರು ತುಂಬಿದ ಗುಂಡಿಗೆ ಇಳಿದಾಗ ಗೊತ್ತಾಗುತ್ತೆ. ಗುಂಡಿಯ ಅಂಚು ಒಂದು ಕಡೆ, ರಿಮ್ಮಿನ ಅಂಚು ಇನ್ನೊಂದು ಕಡೆ, ಮಧ್ಯ ಸೈಡ್‌ವಾಲ್ ಸಿಕ್ಕಿ ಜಜ್ಜಿಹೋಗುತ್ತೆ. ಹೊರಗೆ ಗಾಯ ಕಾಣಲ್ಲ, ಒಳಗಿನ ದಾರಗಳು ಕಡಿದಿರ್ತವೆ. ಮಾರನೇ ದಿನ ನೋಡಿದ್ರೆ ಟೈರಿನ ಪಕ್ಕಕ್ಕೆ ಅರ್ಧ ನಿಂಬೆಹಣ್ಣು ಅಂಟಿಸಿದ ಹಾಗೆ ಉಬ್ಬಿರುತ್ತೆ. ಅದಕ್ಕೆ ಪಂಚರ್ ಅಂಗಡೀಲಿ ಮದ್ದಿಲ್ಲ. ಹೊಸ ಟೈರೇ ಸರಿ, 17ರ ಟೈರು ನಿನ್ನ 14ರ ಬೆಲೆಗೆ ಸಿಗಲ್ಲ.

ರಿಮ್ಮಿನ ಕತೆಯೂ ಅಷ್ಟೇ. ಕಬ್ಬಿಣದ ಡಿಸ್ಕು ಏಟು ಬಿದ್ರೆ ಬಗ್ಗುತ್ತೆ. ಸಣ್ಣ ಬಾಗಾದ್ರೆ ಎಷ್ಟೋ ಸಲ ತಟ್ಟಿ ನೆಟ್ಟಗೆ ಮಾಡಿಕೊಡ್ತಾರೆ. ಅಲಾಯ್ ಬಗ್ಗೋ ಬದಲು ಸೀಳೋದೇ ಜಾಸ್ತಿ. ಸೀಳಿದ್ದನ್ನ ವೆಲ್ಡ್ ಮಾಡಿ ಬಣ್ಣ ಬಳಿದು ಕೊಡೋರಿದಾರೆ. ಆದ್ರೆ ವೆಲ್ಡಿಂಗ್ ಕಾವಿಗೆ ಆ ಜಾಗದ ಲೋಹದ ಗಟ್ಟಿತನ ಹೋಗಿರುತ್ತೆ. ಅಂಥ ಚಕ್ರದ ಮೇಲೆ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಮೂಡಿಗೆರೆಗೆ ಹೋಗೋದು ನನಗೆ ಇಷ್ಟ ಇಲ್ಲ.

ಅಲಾಯ್ ಹಗುರ ಅಂತೀಯಾ? ಅಳತೆ ಒಂದೇ ಆಗಿದ್ರೆ ಸಾಮಾನ್ಯವಾಗಿ ಹಗುರ. 14ರ ಕಬ್ಬಿಣಕ್ಕೂ 17ರ ಅಗ್ಗದ ಅಲಾಯ್‌ಗೂ ಹೋಲಿಸಬೇಡ. ಟೈರ್ ಸಮೇತ ತೂಕಕ್ಕೆ ಹಾಕಿಸಿ ನೋಡು, ಅಲಾಯೇ ಭಾರ ಬಂದ್ರೆ ಆಶ್ಚರ್ಯ ಪಡಬೇಡ. ಆ ಭಾರ ಸ್ಪ್ರಿಂಗಿನ ಕೆಳಗೆ ಸುತ್ತೋ ಭಾರ. ಸಿಗ್ನಲ್ ಸಿಗ್ನಲಿಗೂ ನಿಂತು ಹೊರಡೋ ಊರಲ್ಲಿ ಪ್ರತಿ ಸಲ ಅದನ್ನ ತಿರುಗಿಸಬೇಕು, ಪ್ರತಿ ಸಲ ನಿಲ್ಲಿಸಬೇಕು. ಪಿಕಪ್ ಇಳಿಯುತ್ತೆ, ಮೈಲೇಜ್ ಇಳಿಯುತ್ತೆ, ಸಸ್ಪೆನ್ಷನ್ ಬುಷ್‌ಗಳು ಬೇಗ ಸವೆಯುತ್ತವೆ.

ಹಾಗಾದ್ರೆ ಏನು ಮಾಡಲಿ ಅಂಕಲ್ ಅಂದ್ರೆ, 15 ಹಾಕಿಸ್ಕೋ. ಜೆಡ್‌ಎಕ್ಸ್‌ಐದೇ ಅಳತೆ, 185/65. ಸೈಡ್‌ವಾಲ್ 120 ಮಿ.ಮೀ. ಉಳಿಯುತ್ತೆ, ಬರೀ 12 ಕಳ್ಕೋತೀಯ. ತಿರುವಿನಲ್ಲಿ ಗಾಡಿ ವಾಲೋದು ಕಮ್ಮಿಯಾಗುತ್ತೆ, ಸ್ಟೇರಿಂಗ್ ಚುರುಕಾಗುತ್ತೆ, ಬ್ರೇಕ್ ಹಾಕಿದಾಗ ಹಿಡಿತ ಹೆಚ್ಚುತ್ತೆ. ಎಲ್ಲ ಒಳ್ಳೆ ಕಂಪನಿ ಟೈರೂ ಆ ಅಳತೇಲಿ ಹಾಸನದಲ್ಲೂ ಸಿಗುತ್ತೆ. 16 ಬೇಕೇ ಬೇಕು ಅಂದ್ರೆ 195/55 ಇದೆ, ಅಳತೆಯೂ ಕೂರುತ್ತೆ. ಆದ್ರೆ ನೀನು ದಿನಾ ಆಫೀಸಿಗೆ ಓಡಿಸೋ ದಾರಿ ನೋಡಿದ್ರೆ ನನ್ನ ಮಟ್ಟಿಗೆ 15ಕ್ಕೆ ನಿಲ್ಲಬೇಕು. ಉಳಿದ ದುಡ್ಡನ್ನ ಟೈರಿಗೆ ಹಾಕು. ಮಲೆನಾಡಿನ ಮಳೇಲಿ ನಿನ್ನನ್ನ ರಸ್ತೆಗೆ ಹಿಡಿದಿಡೋದು ರಿಮ್ಮಲ್ಲ, ರಬ್ಬರು. ಟೈರ್ ತೊಗೊಳ್ಳುವಾಗ ಪಕ್ಕದಲ್ಲಿರೋ ನಾಲ್ಕಂಕಿ ಓದು: 2324 ಅಂತಿದ್ರೆ 2024ರ 23ನೇ ವಾರದ್ದು. ಲೋಡ್ ಇಂಡೆಕ್ಸೂ ನೋಡು. 88 ಅಂದ್ರೆ ಒಂದು ಟೈರು 560 ಕಿಲೋ ಹೊರುತ್ತೆ. ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ನಂಬರಿಂದು ಹಾಕಿಸಬೇಡ.

ಅಂಗಡೀಲಿ ಡಿಸೈನ್ ನೋಡೋ ಮುಂಚೆ ಚಕ್ರವನ್ನ ಮಗುಚಿ ಹಿಂದೆ ನೋಡು. ಜೆಡಬ್ಲ್ಯುಎಲ್, ವಿಐಎ ಅಂತ ಗುಣಮಟ್ಟದ ಅಚ್ಚಿರಬೇಕು. ಪಿಸಿಡಿ, ಅಂದ್ರೆ ನಟ್ಟಿನ ತೂತುಗಳು ಕೂರೋ ವೃತ್ತದ ಅಳತೆ, ನಿನಗೆ 4 ಇಂಟು 100. ಎಲ್ಲಾ ಗಾಡಿಗೂ ಆಗುತ್ತೆ ಅಂತ ಎಂಟು ತೂತಿನ ಚಕ್ರ ತೋರಿಸ್ತಾರೆ, ಅದು ಬೇಡ ಅನ್ನು. ನಡುವಿನ ತೂತು ಹಬ್ಬಿಗಿಂತ ದೊಡ್ಡದಿದ್ರೆ ಹಬ್ ರಿಂಗ್ ಕೇಳಿ ಹಾಕಿಸ್ಕೋ, ಇಲ್ಲದಿದ್ರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದ್ರೂ 80 ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತೆ. ಆಫ್‌ಸೆಟ್ ಕಂಪನಿ ಚಕ್ರದ್ದಕ್ಕೆ ಹತ್ತಿರ ಇರಲಿ. ಚಕ್ರ ಆಚೆ ಚಾಚಿಕೊಂಡ್ರೆ ನೋಡೋಕೆ ಗತ್ತು, ಆದ್ರೆ ಬೇರಿಂಗಿಗೆ ಹೊರೆ, ಕೆಸರೆಲ್ಲ ಬಾಗಿಲಿಗೆ. ಸ್ಪೇಸರ್ ಹಾಕಿ ಕೂರಿಸ್ತೀನಿ ಅಂದ್ರೆ ಎದ್ದು ಬಂದುಬಿಡು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ನಮೂದಿಸಿದ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಕಂಪನಿಯೋರೇ ಇದೇ ಮಾಡೆಲಿಗೆ ಹಾಕೋ ಅಳತೆಯೊಳಗಿದ್ರೆ ಕೇಳಿದವರಿಗೆ ಉತ್ತರ ಕೊಡೋಕೆ ಸುಲಭ. ಇನ್ಶೂರೆನ್ಸ್‌ನವರಿಗೂ ಮೊದಲೇ ಬರೆದು ತಿಳಿಸು. ಆಮೇಲೆ ಕ್ಲೇಮ್ ಹೊತ್ತಿಗೆ ಜಗಳ ಬೇಡ.

ಹಾಕಿಸಿದ ದಿನವೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡಿಸು. ಒಂದು 50, 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನ ಮತ್ತೆ ಟೈಟ್ ಮಾಡಿಸು, ಹೊಸ ಅಲಾಯ್‌ನಲ್ಲಿ ಸಡಿಲ ಆಗೋದುಂಟು. ಹಳೇ ನಟ್ಟನ್ನ ಅಂಗಡಿಯವನಿಗೆ ಬಿಟ್ಟು ಬರಬೇಡ. ಸ್ಟೆಪ್ನಿ ಕಬ್ಬಿಣದ್ದೇ ಇರುತ್ತೆ, ಅಲಾಯಿನ ನಟ್ಟು ಅದಕ್ಕೆ ಸರಿಯಾಗಿ ಕೂರದೇ ಇರಬಹುದು. ಹಳೇ ನಟ್ಟು ನಾಲ್ಕನ್ನ ಒಂದು ಕವರಿಗೆ ಹಾಕಿ ಜಾಕಿನ ಪಕ್ಕ ಇಟ್ಕೋ.